ಬೀಫಾತಿಮಜ್ಜಿಯ ಫೀಸು

"ಪೇಷೆಂಟ್ ಸರಿಯಾಗಿ ನಡೆದರೆ ಮಾತ್ರ ನನಗೆ ಪೂರ್ತಿ ದುಡ್ಡಾ? ಆಪರೇಷನ್ ಮಾಡುವುದಷ್ಟೇ ನನ್ನ ಕೆಲಸ. ಖಲಾಸ್!" ದುಬೈಯ ಮೂಳೆ ಡಾಕ್ಟರ್ ಝಹೀರ್ ಆಸ್ಪತ್ರೆಯ ಹೊಸ ಕರಾರನ್ನು ಸಹಿ ಹಾಕದೆ ಮ್ಯಾನೇಜರ್ ಭವ್ಯಶ್ರೀಯ ಕಡೆಗೆ ತಳ್ಳಿದ. ಅಷ್ಟರಲ್ಲಿ ಸುಶಾಂತ್ ಖರ್ಜೂರದ ಡಬ್ಬಿ ಹಿಡಿದು ಬಾಗಿಲಿಗೆ ಬಂದ.

"ಅಪ್ಪನ ಮಂಡಿ ಆಪರೇಷನ್ ಮಾಡಿದಿರಲ್ಲ ಡಾಕ್ಟ್ರೇ, ಅವರೇ ಕೊಟ್ಟು ಕಳಿಸಿದ್ದು. ಅವರಿಗೆ ಮೆಟ್ಟಿಲು ಇಳಿಯಲಿಕ್ಕೆ ಇನ್ನೂ ಆಗುವುದಿಲ್ಲ."

ಡಬ್ಬಿಗೆ ಚಾಚಿದ ಝಹೀರನ ಕೈ ಅಲ್ಲೇ ನಿಂತಿತು. ಉಪ್ಪಿನಂಗಡಿಯಲ್ಲಿ ಅವನ ಅಜ್ಜಿ ಬೀಫಾತಿಮ ಮುರಿದ ಎಲುಬು ಕೂಡಿಸಿ ಕಟ್ಟುತ್ತಿದ್ದಳು. ಅವಳ ಫೀಸು ಒಂದು ಹಲಸಿನಹಣ್ಣು. ವಾಸಿಯಾದ ಮೇಲೆ ಕಾಲು ಮುರಿದವನೇ ಅದನ್ನು ಹೊತ್ತು ಗುಡ್ಡೆ ಹತ್ತಿ ಬರಬೇಕು. ಬೇರೆಯವರ ಕೈಯಲ್ಲಿ ಕಳಿಸಿದರೆ ಅಜ್ಜಿ ಹಣ್ಣು ಮುಟ್ಟುತ್ತಿರಲಿಲ್ಲ. ಎಣ್ಣೆಕುಪ್ಪಿ ಸೆರಗಿಗೆ ಕಟ್ಟಿಕೊಂಡು ತಾನೇ ಅವನ ಮನೆಗೆ ಹೊರಡುತ್ತಿದ್ದಳು. ಹಿಂದೆ ಓಡುತ್ತಿದ್ದ ಪುಟ್ಟ ಝಹೀರನಿಗೆ ದಾರಿಯುದ್ದಕ್ಕೂ ಆ ಎಣ್ಣೆಯದೇ ಘಮ.

ಈಗ, ಈ ಎ.ಸಿ. ರೂಮಿನಲ್ಲೂ ಅದೇ ಘಮ.

ಝಹೀರ್ ಕಾರಿನ ಕೀ ಎತ್ತಿಕೊಂಡ. "ಭವ್ಯಶ್ರೀ, ಆ ಕಾಗದ ಅಲ್ಲೇ ಇರಲಿ, ಬಂದು ಸಹಿ ಹಾಕ್ತೇನೆ. ಯಲ್ಲಾ, ನಡಿ ಸುಶಾಂತ್, ಮನೆ ತೋರಿಸು. ಡಬ್ಬಿ ವಾಪಸ್ ತಗೋ. ಅದನ್ನು ನಿನ್ನಪ್ಪನೇ ಹೊತ್ತು ತರಲಿ."