ದುಬೈಯಿಂದ ಮೂರು ಮೆಸೇಜು

ಚಲುವರಾಜು ತಮ್ಮನ ಹೆಂಡತಿ ರಂಜಿತಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಹಣೆ ಒಡೆದು ರಕ್ತ ಹುಬ್ಬಿಗಿಳಿಯಿತು. ಅವನ ಬಲಗೈಯಲ್ಲಿ ಮಚ್ಚಿತ್ತು.

"ನನ್ ತಮ್ಮ ಎಲ್ಲವ್ನೆ? ಬೊಗಳು!"

"ದುಬೈಲವ್ರೆ ಭಾವ. ನಿಮ್ಗೂ ಮೆಸೇಜು ಬಂದದಲ್ಲ?"

ಬಂದಿತ್ತು, ಮೂರು. ಸೋಮವಾರ ಸಂಜೆ: ಬಂದು ಇಳಿದೆ, ಬಿಸಿಲು ವಿಪರೀತ. ಮಂಗಳವಾರ: ರೂಮು ಸಿಕ್ಕಿತು, ನಾಲ್ಕು ಜನ, ಮೇಲಿನ ಮಂಚ ನನ್ನದು. ಇವತ್ತು ಬೆಳಿಗ್ಗೆ: ನಾಳೆಯಿಂದ ಕ್ರೇನ್ ಕೆಲಸ, ಮುದ್ದೆ ಒಂದು ಸಿಗುವುದಿಲ್ಲ. ಆರು ತಿಂಗಳ ಕೆಲಸಕ್ಕೆ ಹೋದವನು ಹೀಗೆ ತಾನೇ ಬರೆಯುವುದು? ಆದರೆ ದಿಲೀಪ ಬರೆಯುವ ಆಸಾಮಿಯೇ ಅಲ್ಲ. ಅವನದೇನಿದ್ದರೂ ವಾಯ್ಸು. ಫೋನು ಮಾಡಿದರೆ ಸ್ವಿಚ್ಡ್ ಆಫ್.

ಆದರೂ ಚಲುವರಾಜು ಚಿನಕುರಳಿ ಕಡೆ ಕಲ್ಲಿನ ಟಿಪ್ಪರು ಓಡಿಸಿಕೊಂಡು ಸುಮ್ಮನಿದ್ದ. ಇವತ್ತು ಮಧ್ಯಾಹ್ನ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಅವ್ವನ ಪಕ್ಕದ ಮನೆಯ ಸಿದ್ದಲಿಂಗಮ್ಮ ಸಿಕ್ಕಿ ಬಾಯಿಬಿಟ್ಟಳು.

"ಅಲ್ಲ ಕಣ್ಲಾ, ನಿನ್ ತಮ್ಮ ಸೋಮ್ವಾರ ಒಂಟಿದ್ದೇ ತಡ, ನಡುಮನೆ ಪಡಸಾಲೆ ಎಲ್ಲ ತೊಳುದ್ರಲ್ಲ! ತಲೆಗೂ ಉಯ್ಕಂಡ್ರು. ದೂರ ಓದೋರ ಇಂದೆ ಕಸನೂ ಗುಡಿಸಬಾರ್ದು."

ಹಾಗೆ ತೊಳೆಯುವುದು ಹೆಣ ಹೊರಟ ಮನೆಯನ್ನು. ಚಲುವರಾಜುವಿನ ಮೈ ಉರಿದುಹೋಗಿತ್ತು.

"ಮನೆ ಯಾಕೆ ತೊಳುದೆ? ರಕ್ತ ಒರಸಕ್ಕಾ?"

"ನಾನ್ ತೊಳೀಲಿಲ್ಲ ಭಾವ."

ಹೊಟ್ಟೆಗೆ ಒದ್ದ. ಕುಸಿದವಳ ಸೆರಗು ಜಾರಿತು. ಕತ್ತಿನ ಸುತ್ತ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ತಾನಿನ್ನೂ ಅವಳ ಕತ್ತಿಗೆ ಕೈ ಹಾಕಿಲ್ಲವೆಂಬುದು ಆ ಸಿಟ್ಟಿನಲ್ಲಿ ಅವನಿಗೆ ಹೊಳೆಯಲಿಲ್ಲ.

ಪಾಪ, ಅವ್ವನಿಗೆ ಈ ಸುದ್ದಿ ಹೇಗೆ ಹೇಳುವುದು? ದ್ಯಾವಮ್ಮನಿಗೆ ಚಿಕ್ಕ ಮಗನೆಂದರೆ ಪ್ರಾಣ. ಅವನು ಹೊರಟ ದಿನವೇ, ನೆನಪಿಗಿರಲಿ ಎಂದು ಹಿತ್ತಿಲಲ್ಲಿ ತೆಂಗಿನ ಸಸಿ ನೆಡಿಸಿದ್ದಳಂತೆ. ಈಗಲೂ ಚೊಂಬು ಹಿಡಿದು ಅಲ್ಲಿಗೇ ಹೋಗಿದ್ದಾಳೆ. ಅವಳು ಒಳಗೆ ಬರುವ ಮೊದಲೇ ಮುಗಿಸಬೇಕು.

ಮಚ್ಚು ಮೇಲೆದ್ದಿತು. ರಂಜಿತ ಕಣ್ಣು ಮುಚ್ಚಿದಳು.

"ಕಡ್ದಾಕಿ ಭಾವ. ಅತ್ತೇನ ಮಾತ್ರ ಏನೂ ಕೇಳ್ಬೇಡಿ."

ಹಿಂದಿನಿಂದ ಬಂದ ಕೈಯೊಂದು ಮಚ್ಚಿನ ಅಲಗನ್ನೇ ಹಿಡಿಯಿತು. ಬೆರಳ ಸಂದಿಯಿಂದ ರಕ್ತ ಸುರಿಯಿತು. ದ್ಯಾವಮ್ಮ ಬಿಡಲಿಲ್ಲ. ಇನ್ನೊಂದು ಕೈಯಲ್ಲಿದ್ದ ಖಾಲಿ ಚೊಂಬಿನಿಂದ ತುಪ್ಪದ ವಾಸನೆ ಬರುತ್ತಿತ್ತು.

"ಅವಳ್ನ ಬುಡ್ಲಾ. ಕುಡ್ದು ಬಂದು ಅವಳ ಕತ್ತು ಇಸುಕ್ತಿದ್ದ, ಒನಕೆ ತಕಂಡು ಒಡ್ದೋಳು ನಾನು. ಸತ್ತು ಇವತ್ಗೆ ಮೂರ್ ದಿನ ಅಲ್ವಾ... ಸಸಿ ಬುಡುಕ್ಕೆ ನಿನ್ ತಮ್ಮನ ಆಲುತುಪ್ಪ ಬುಟ್ಬಂದೆ."