ಹೋಮಕ್ಕೆ ಸಾಯದ ಬ್ಯಾಕ್ಟೀರಿಯಾ

ಹೋಮದ ಹೊಗೆಗೆ ಬ್ಯಾಕ್ಟೀರಿಯಾ ಸಾಯುತ್ತದೆಯೇ ಎಂಬುದು ಅವಳ ಪಿಎಚ್.ಡಿ. ವಿಷಯ. ವಿಷಯ ಕೊಟ್ಟವರು ಸೂಕ್ಷ್ಮಜೀವಿ ವಿಭಾಗದ ಮುಖ್ಯಸ್ಥರೂ ಆಗಿದ್ದ ಅವಳ ಗೈಡು. ನಾಲ್ಕು ವರ್ಷವಾಯಿತು, ನಲವತ್ತು ಹೋಮವಾಯಿತು. ಗಾಜಿನ ತಟ್ಟೆಗಳಲ್ಲಿದ್ದ ಬ್ಯಾಕ್ಟೀರಿಯಾ ಒಂದೂ ಸಾಯಲಿಲ್ಲ. ತುಪ್ಪದ ಘಮಕ್ಕೋ ಏನೋ, ಕೆಲವು ಮೈಕೈ ತುಂಬಿಕೊಂಡವು.

"ಸತ್ತವು ಅಂತ ಬರಿ, ಸಹಿ ಹಾಕ್ತೀನಿ," ಎಂದರು ಗೈಡು.

"ಸಾಯದೇ ಇರೋದನ್ನ ನಾನು ಹೆಂಗ್ ಸಾಯಿಸ್ಲಿ ಸಾರ್?"

"ಹಂಗಾದ್ರೆ ಡಾಕ್ಟರೇಟು ಮರೆತುಬಿಡು. ಮನೇಲಿ ಗಂಡು ನೋಡ್ತಿದಾರಲ್ಲ, ಒಪ್ಕೋ."

ಅವಳು ಕುಲಪತಿಗಳಿಗೆ ದೂರು ಕೊಟ್ಟಳು. ಅವರು ವಿಚಾರಣೆಗೆಂದು ಸಂಸ್ಕೃತ ವಿಭಾಗದ ಹಿರಿಯ ಪಂಡಿತರನ್ನು ಕಳಿಸಿದರು. ಪಂಡಿತರು ಇಡೀ ಪ್ರಬಂಧವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು.

"ಹುಡುಗಿ ಸುಳ್ಳು ಬರೆದಿಲ್ಲ."

"ಅಂದ್ರೆ ಹೋಮ ಸುಳ್ಳಾ?" ಗೈಡು ಕೆರಳಿದರು.

"ಛೆ ಛೆ, ಹೋಮ ಎಲ್ಲಾದ್ರೂ ಸುಳ್ಳಾಗತ್ಯೇ? ಮಂತ್ರ ಹೇಳಿದವನಿಗೆ ಸ್ವರಜ್ಞಾನ ಇಲ್ಲ, ಅಷ್ಟೇ. ನಲವತ್ತು ಸಲವೂ ತಪ್ಪಿದಾನೆ ಅಂದ್ರೆ ಶತದಡ್ಡ. ಯಾರಮ್ಮಾ ಆ ಪುರೋಹಿತ? ವರದಿಯಲ್ಲಿ ಅವನ ಹೆಸರು ಹಾಕ್ಬೇಕು."

ಹುಡುಗಿ ತಲೆ ತಗ್ಗಿಸಿದಳು. "ನಲವತ್ತಕ್ಕೂ ನಮ್ಮ ಸಾರೇ ಕೂತಿದ್ದು."

ಗೈಡು ಜೇಬಿನಿಂದ ಪೆನ್ನು ತೆಗೆದು, ಪ್ರಬಂಧವನ್ನು ಎಳೆದುಕೊಂಡು ಸಹಿ ಹಾಕಿದರು.

"ಮಂತ್ರ ಎಷ್ಟೇ ಶುದ್ಧವಾಗಿ ಹೇಳಿದ್ರೂ ಹೊಗೆಗೆ ಬ್ಯಾಕ್ಟೀರಿಯಾ ಸಾಯಲ್ಲ ಪಂಡಿತರೇ, ವಿಜ್ಞಾನ ಅದು."