ಉಂಗುರದ ನಾಲ್ಕು ಅಂಕಿ

ಜನವರಿ ಇಪ್ಪತ್ತಮೂರು, ಶುಕ್ರವಾರ. ಮೊರ್ವೆನಾ ಪೆನ್‌ರೋಸ್ ನಲವತ್ತೊಂದು ದಿನಗಳಲ್ಲಿ ತೆಗೆದ ಚಿತ್ರಗಳು ಆರುನೂರ ಹನ್ನೆರಡು. ಉಂಗುರದ ಅಂಕಿ ಓದಲು ಬಂದವು ಮೂರು. ಆ ಮೂರನ್ನು ಅವಳು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿಟ್ಟು, ಎದುರು ಕುಳಿತಿದ್ದ ಡೆನ್ಜಿಲ್‌ನ ಕಡೆಗೆ ಸರಿಸಿದಳು. ಡೆನ್ಜಿಲ್ ಅವಳ ತೀರಿಹೋದ ಗಂಡನ ಅಣ್ಣ. ಪೆನ್ರಿನ್ ಊರಿನ ಸುತ್ತ ಕಂಡ ಹಕ್ಕಿಗಳ ವರದಿಯನ್ನು ಪ್ರತಿವರ್ಷ ಅಚ್ಚು ಹಾಕಿಸುವವನು. ಹಕ್ಕಿಯನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಅಂಕಿಯ ಉಂಗುರ ತೊಡಿಸಿ ಬಿಡಲು ಪರವಾನಗಿ ಪಡೆದವನು.

"ನೀನು ಉಂಗುರ ಹಾಕಿದ ಕರಿತಲೆ ಬ್ಲ್ಯಾಕ್‌ಕ್ಯಾಪೇ ಇದು," ಎಂದಳು ಮೊರ್ವೆನಾ. "ಮೂರನೇ ಚಳಿಗಾಲ. ಅದೇ ಹಿತ್ತಿಲು, ಅದೇ ಸೇಬಿನ ಹೋಳು, ಅದೇ ಜಂಬ. ಒಂದು ರಾಬಿನ್ ಹಕ್ಕೀನೂ ಹತ್ತಿರ ಬಿಡಲ್ಲ."

"ಕರಿ ಟೋಪಿ ಹಾಕ್ಕೊಂಡು ಬಂದವರೆಲ್ಲ ನಿನ್ನ ನೆಂಟರೇನು? ಅಷ್ಟು ಪುಟ್ಟ ಹಕ್ಕಿ ಮೂರು ಸಲ ಸಮುದ್ರ ದಾಟಿ ನಿನ್ನ ಸೇಬಿಗೇ ಬರುತ್ತಾ? ನೀನು ಶಾಲೇಲಿ ಅಡುಗೆ ಮಾಡ್ತಿದ್ದಾಗ ಮಕ್ಕಳೇ ಎರಡನೇ ಸಲ ಬಡಿಸಿಕೊಳ್ತಿರಲಿಲ್ಲ."

"ಮೊನ್ನೆ ನಾನು ಮಾಡಿದ ಪಾಸ್ಟಿ ಕಡುಬು ಎರಡನೇದು ಬೇಕು ಅಂತ ಕೈ ಚಾಚಿದವನು ನೀನೇ. ಬಾಯಿ ಮುಚ್ಚಿ ಚಿತ್ರ ನೋಡು."

ಹನ್ನೊಂದು ವರ್ಷಗಳಿಂದ ಅವಳ ಹಿತ್ತಿಲಿನ ಹಕ್ಕಿಗಳೆಲ್ಲ ವರದಿಯಲ್ಲಿ ಡೆನ್ಜಿಲ್‌ನ ಹೆಸರಿನಲ್ಲಿಯೇ ಅಚ್ಚಾಗಿದ್ದವು. ಕಂಡವಳು ಅವಳು, ಬರೆದು ಕಳಿಸಿದವನು ಅವನು. ಕಳೆದ ನವೆಂಬರಿನಲ್ಲಿ ಅವಳು ಬಾಯಿಬಿಟ್ಟು ಕೇಳಿದಾಗ ಅವನು ಷರತ್ತು ಹಾಕಿದ: ಉಂಗುರದ ಕೊನೆಯ ನಾಲ್ಕು ಅಂಕಿಗಳನ್ನು ಚಿತ್ರದಲ್ಲಿ ತೋರಿಸಿದರೆ, ದಾಖಲೆ ಅವಳ ಹೆಸರಿಗೆ. ಉಂಗುರದ ಅಗಲ ಕಡಲೆಬೇಳೆಯಷ್ಟೂ ಇಲ್ಲ. ಒಂದು ಚಿತ್ರಕ್ಕೆ ಎರಡು ಅಂಕಿ ಸಿಕ್ಕರೆ ಹೆಚ್ಚು. ಮಿಕ್ಕವು ಕಾಲಿನ ಹಿಂಬದಿಯಲ್ಲಿ. ಅವಳು ದಿನವೂ ಬೆಳಕು ಹರಿಯುವ ಮೊದಲೇ ಕೊಂಬೆಗೆ ಸೇಬು ಚುಚ್ಚಿ ಬಂದು, ಪಾತ್ರೆ ತೊಳೆಯುವ ತೊಟ್ಟಿಯ ಮೇಲಿನ ಕಿಟಕಿಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದಳು.

ಮೊದಲ ಚಿತ್ರದಲ್ಲಿ 16 ಇತ್ತು, ಎರಡನೆಯದರಲ್ಲಿ 68, ಮೂರನೆಯದರಲ್ಲಿ 89. ಒಂದರ ಕೊನೆಯ ಅಂಕಿಯೇ ಮುಂದಿನದರ ಮೊದಲ ಅಂಕಿ. ಕೂಡಿಸಿದರೆ 1689.

ಡೆನ್ಜಿಲ್ ತನ್ನ ಪುಸ್ತಕ ತಿರುವಿದ. "ಎರಡು ವರ್ಷದ ಹಿಂದೆ, ಫೆಬ್ರವರಿ ಒಂಬತ್ತು. ನಿನ್ನ ಹಿತ್ತಿಲು, ಗಂಡು ಹಕ್ಕಿ. ಉಂಗುರ 6891." ಪುಸ್ತಕ ಮುಚ್ಚಿದ. "ಇದು ಬೇರೆ ಯಾರೋ ತೊಡಿಸಿದ್ದು, ಮೊರ್ವೆನಾ. ಚಿತ್ರ ಚೆನ್ನಾಗಿವೆ. ಪಾಪ, ಚಳೀಲಿ ಕಷ್ಟಪಟ್ಟಿದ್ದೀಯ."

ಆ 'ಪಾಪ' ಅವಳಿಗೆ ಸೇರಲಿಲ್ಲ. ಮೊದಲ ಚಿತ್ರವನ್ನು ಹಿಂದಕ್ಕೆಳೆದುಕೊಂಡು ಕನ್ನಡಕ ಸರಿಪಡಿಸಿಕೊಂಡಳು. ಹಕ್ಕಿ ಕೊಂಬೆಯ ಮೇಲೆ ನೆಟ್ಟಗೆ ನಿಂತಿತ್ತು.

"ಡೆನ್ಜಿಲ್, ಒಂದು ಅನ್ನೋ ಅಂಕಿಗೆ ಮೂಗು ಎಲ್ಲಿರುತ್ತೆ?"

"ಇದೇನು ಮಗ್ಗಿ ಒಪ್ಪಿಸೋ ಹೊತ್ತಾ? ಮೇಲೆ."

"ಇಲ್ಲಿ ಕೆಳಗಿದೆ. ಪಾದದ ಕಡೆಗೆ."

ಅವಳು ಮೂರೂ ಚಿತ್ರಗಳನ್ನು ತಲೆಕೆಳಗು ಮಾಡಿದಳು. ಹಕ್ಕಿ ಬಾವಲಿಯಂತೆ ಜೋತುಬಿತ್ತು. ಆರು ಒಂಬತ್ತಾಯಿತು, ಒಂಬತ್ತು ಆರಾಯಿತು. ಎಂಟು ಎಂಟಾಗಿಯೇ ಉಳಿಯಿತು. ಕೊನೆಯ ಚಿತ್ರ ಮೊದಲಿಗೆ ಬಂತು: 68, 89, 91. ಕೂಡಿಸಿದರೆ 6891.

ಡೆನ್ಜಿಲ್ ಮತ್ತೆ ಪುಸ್ತಕ ತೆರೆದು ಸಂಖ್ಯೆಯ ಮೇಲೆ ಬೆರಳಿಟ್ಟ. ಕಲಿಯಲು ಬಂದವರಿಗೆ ಅವನು ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಅದು: ಹಕ್ಕಿ ನಿಂತಾಗ ಅಂಕಿಯೂ ನೆಟ್ಟಗೆ ನಿಂತಿರಬೇಕು. ತಪ್ಪಿದವರನ್ನು ಅವನು ಎಲ್ಲರೆದುರು ಬೈದದ್ದೂ ಉಂಟು.

"ನಲವತ್ತು ವರ್ಷದಲ್ಲಿ ನಾನು ಒಂದು ಉಂಗುರಾನೂ ತಲೆಕೆಳಗೆ ತೊಡಿಸಿಲ್ಲ," ಎಂದ.

"ಹಾಗಾದ್ರೆ ಇದು ಮೊದಲನೇದು. ಆವತ್ತು ಬೆರಳು ಮರಗಟ್ಟಿದೆ ಅಂತ ನನ್ನ ಟೀ ಲೋಟ ತಬ್ಬಿಕೊಂಡು ಕೂತಿದ್ದೆಯಲ್ಲ."

ಅವನು ಹಟಮಾರಿ, ಆದರೆ ಸುಳ್ಳು ಬರೆಯುವವನಲ್ಲ. ದಾಖಲೆಯ ಹಾಳೆ ತೆಗೆದು ದಿನಾಂಕ ಬರೆದ, ಸಂಖ್ಯೆ ಬರೆದ. ಅದರ ಕೆಳಗೆ, 'ಉಂಗುರ ತಲೆಕೆಳಗು. ತೊಡಿಸಿದವನ ತಪ್ಪು' ಎಂದು ಬರೆದ. 'ಕಂಡವರು' ಎಂಬಲ್ಲಿ 'ಪೆನ್‌ರೋಸ್' ಎಂದು ಬರೆದು ಹಾಳೆಯನ್ನು ಅವಳತ್ತ ತಿರುಗಿಸಿದ.

"ಪೂರ್ತಿ ಬರಿ," ಎಂದಳು. "ಬರೀ ಪೆನ್‌ರೋಸ್ ಅಂದ್ರೆ ಊರೆಲ್ಲ ನೀನೇ ಅಂದ್ಕೊಳ್ಳುತ್ತೆ."

ಅವನು ಮುಂದೆ 'ಮೊರ್ವೆನಾ' ಎಂದು ಸೇರಿಸಿದ. ಎಪ್ಪತ್ತೆರಡರ ಆ ಹೆಂಗಸು ಹಾಳೆಯನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಬಾಗಿದ್ದ ಬೆನ್ನು ನೆಟ್ಟಗಾಯಿತು.

"ಆಯ್ತಲ್ಲ? ನಿನ್ನ ಋಣ ತೀರಿತಲ್ಲ?" ಎಂದ ಡೆನ್ಜಿಲ್.

"ಈ ಚಳಿಗಾಲದ್ದು ತೀರಿತು. ಹನ್ನೊಂದು ವರ್ಷದ್ದು ಹಾಗೇ ಇದೆ."

ಪೆನ್ನಿಗೆ ಮುಚ್ಚಳ ಹಾಕಲು ಹೊರಟಿದ್ದ ಅವನ ಕೈ ಅಲ್ಲೇ ನಿಂತಿತು.